ಶಿರ್ವದ ಕ್ಯಾಸೆಟ್ಟಿನಲ್ಲಿ ನನ್ನ ಸ್ವರ

ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಕ್ಷಮಿಸಿ. ಆಗ ನಾನು ಕರೆಂಟಿನ ಮೀಟರ್ ನೋಡುವ ಕೆಲಸದಲ್ಲಿದ್ದೆ. ಶಿರ್ವದ ಒಂದು ಮನೆಯಲ್ಲಿ ಮಗುವಿಗೆ ಉಣಿಸುತ್ತಿದ್ದ ತಾಯಿ, ನನ್ನನ್ನು ಕಂಡದ್ದೇ ತುಟಿಗೆ ಬೆರಳಿಟ್ಟರು. ಮೀಟರಿನಲ್ಲಿ ಏನೋ ಮೋಸ ಉಂಟೆಂದು ನನಗೆ ಸಂಶಯ.

"ಎಂತ ಗುಟ್ಟು? ಯಾರಿಗೂ ಗೊತ್ತಾಗಬಾರದಾ?" ಎಂದು ಗಟ್ಟಿಯಾಗಿಯೇ ಕೇಳಿದೆ.

"ಅಯ್ಯೋ ಮಾರಾಯ್ರೆ!" ಅವರು ಬಟ್ಟಲಿನ ಹಿಂದಿದ್ದ ಟೇಪ್ ರೆಕಾರ್ಡರ್ ತೋರಿಸಿದರು. ಕಾಗದ ಬರೆಯಲು ಪುರುಸೊತ್ತಿಲ್ಲದ ಅವರು, ಉಣಿಸುವಾಗಲೇ ಮಗುವಿನ ಮಾತು ಕ್ಯಾಸೆಟ್ಟಿನಲ್ಲಿ ತುಂಬಿಸಿ ದುಬೈಯಲ್ಲಿದ್ದ ಗಂಡನಿಗೆ ಕಳಿಸುವುದಂತೆ. "ಇವಳು 'ಅಪ್ಪ' ಅಂದದ್ದು ಇವತ್ತೇ ಮೊದಲು. ಅದರೊಟ್ಟಿಗೆ ನಿಮ್ಮ ಸ್ವರವೂ ಸೇರಿತು, ಅಳಿಸಲಿಕ್ಕೆ ಮನಸ್ಸಿಲ್ಲ. ನೀವು ಯಾರೆಂದು ನೀವೇ ಅವರಿಗೆ ಹೇಳಿ!"

ಹೇಳತೊಡಗಿದೆ: ನಾನು ಮೀಟರಿನವನು, ಇವರ ಪರಿಚಯವೇ ಇಲ್ಲ, ಅಂದರೆ ಹೋದ ತಿಂಗಳೂ ಬಂದಿದ್ದೆ, ಆದರೆ ಆಗ ಮನೆಯಲ್ಲಿ ಅತ್ತೆ ಇದ್ದರು, ಇವತ್ತು ಇಲ್ಲ, ಅಂದರೆ ನಾನು...

ಅಷ್ಟರಲ್ಲಿ ಗೇಟಿನಿಂದ ನಮ್ಮ ಲೈನ್‌ಮ್ಯಾನ್ ಕೂಗಿದ: "ಬಂದಾಗಲೆಲ್ಲ ಈ ಮನೆಯಲ್ಲೇ ಎಷ್ಟು ಹೊತ್ತು ಮಾರಾಯಾ? ಬಾ!"

ಅದೂ ಟೇಪಿಗೆ ಬಿತ್ತು.