ಕಲಿಪಾಳ ಮುಖ

ನಾರಿನ್ ಕಡೆಯ ನಮ್ಮ ಗಣಿ ಊರಿನಲ್ಲಿ ಫೋಟೋಗ್ರಾಫರ್ ಜೊಲ್ದೋಷನ ಸ್ಟೂಲಿನ ಮೇಲೆ ಕೂರದವರು ಅವನ ಹೆಂಡತಿ ಬಿಟ್ಟರೆ ಯಾರೂ ಇಲ್ಲ. "ಗದ್ದ ಎತ್ತು. ಅಲ್ಲಾಡಬೇಡ. ಪಾಸ್‌ಪೋರ್ಟಿಗೆ ನಗಬಾರ್ದು ಕಣೋ, ರಷ್ಯಾದೋರು ನಿನ್ನ ಹಲ್ಲು ನೋಡಿ ವಾಪಸ್ ಕಳಿಸ್ತಾರೆ!" ಎಂದು ರೇಗಿಸುತ್ತಲೇ ಫೋಟೋ ತೆಗೆಯುತ್ತಿದ್ದ. ಗಣಿ ಮುಚ್ಚಿದ ಮೇಲೆ ಜನ ಆ ಫೋಟೋಗಳನ್ನೇ ಹಿಡಿದುಕೊಂಡು ಊರು ಬಿಟ್ಟರು. ನಮ್ಮ ನಾಲ್ಕು ಮಹಡಿ ಕಟ್ಟಡದಲ್ಲಿ ಉಳಿದದ್ದು ಎರಡೇ ಮನೆ, ಅವನದು ಮತ್ತು ಎದುರು ಬಾಗಿಲಿನ ನನ್ನದು.

ಅಷ್ಟರಲ್ಲಿ ಅವನ ಹೆಂಡತಿ ಕಲಿಪಾಗೆ ಮರೆವಿನ ರೋಗ ಹತ್ತಿತ್ತು. ಶಿಶುವಿಹಾರದ ನೂರು ಮಕ್ಕಳ ಹೆಸರನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದ ಹೆಂಗಸು, ಈಗ ಚಹಾ ಪಾತ್ರೆಗೆ ಹಿಟ್ಟು ಸುರಿಯುತ್ತಿದ್ದಳು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ದಿನವಿಡೀ ಓಡಾಟ.

ಒಂದು ಮಬ್ಬು ಮಧ್ಯಾಹ್ನ ಜೊಲ್ದೋಷ ಅವಳ ಫೋಟೋ ತೆಗೆದ. ಬೆಳಕು ಸಾಲದೆ ಕ್ಯಾಮೆರಾದ ಶಟರ್ ಒಂದು ಸೆಕೆಂಡು ತೆರೆದೇ ಇತ್ತು. ಒಲೆ, ಗೋಡೆಗೆ ತೂಗುಹಾಕಿದ ಕಂಬಳಿ, ಪಿಂಗಾಣಿ ಬಟ್ಟಲು ಎಲ್ಲ ಕೆತ್ತಿಟ್ಟ ಹಾಗೆ ಬಂದವು. ನಡೆಯುತ್ತಿದ್ದ ಕಲಿಪಾ ಮಾತ್ರ ಬಿಳಿ ಹೊಗೆ. ಆ ಹೊಗೆಯ ಮೂಲಕ ಹಿಂದಿನ ಬಾಗಿಲು ಕಾಣುತ್ತಿತ್ತು.

ನಾನು ಆ ಫೋಟೋವನ್ನು ಬೋರಲು ಹಾಕಿದೆ. "ಹರಿದು ಹಾಕಣ್ಣ ಇದನ್ನ. ಬದುಕಿರೋರನ್ನ ಹೀಗೆ ತೆಗೀತಾರಾ?"

"ನಲವತ್ತು ವರ್ಷ ಜನರನ್ನ ಅಲ್ಲಾಡಬೇಡಿ ಅಂದೆ," ಅಂದ ಅವನು. "ಅವೆಲ್ಲಾ ಸುಳ್ಳು ಕಣಮ್ಮ. ನಮ್ಮನೇಲಿ ಈಗ ನಡೀತಿರೋದು ಇದೇ."

ಆಮೇಲೆ ಬೇಕೆಂದೇ ಹಾಗೆ ತೆಗೆಯತೊಡಗಿದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅವಳು ನಡೆಯುವುದನ್ನೇ ಕಾಯುವನು. ಶಟರ್ ಅರ್ಧ ಸೆಕೆಂಡು ತೆರೆದಿದ್ದರೆ ಮುಖ ಎರಡಾಗುತ್ತಿತ್ತು, ಎರಡು ಸೆಕೆಂಡಿಗೆ ಅಳಿಸಿಯೇ ಹೋಗುತ್ತಿತ್ತು. ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಯಾರೋ ನೋಡಿ ಮೆಚ್ಚಿ, ಪ್ರದರ್ಶನಕ್ಕೆ ಹನ್ನೆರಡು ಬೇಕೆಂದರು. ಗಣಿ ಮುಚ್ಚಿದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡದ್ದು ಅದೊಂದೇ ಸಲ.

ಹನ್ನೊಂದು ಫೋಟೋ ಆಗಿದ್ದವು. ಆ ದಿನ ಕಲಿಪಾ ನಡೆಯುತ್ತಿದ್ದವಳು ತಟ್ಟನೆ ನಿಂತಳು. ಕಣ್ಣು ತಿಳಿಯಾಗಿತ್ತು. ನಾನು ಬ್ರೆಡ್ಡು ಕೊಡಲು ಹೋದವಳು ಅಲ್ಲೇ ಇದ್ದೆ.

"ಏನ್ ಮಾಡ್ತಿದೀಯೋ ಮುದುಕಾ? ಎಲ್ಲಿ, ತೋರ್ಸು."

ಅವನು ಒಂದು ಫೋಟೋ ಕೊಟ್ಟ. ಅವಳು ಬೆರಳಿಟ್ಟು ಹುಡುಕಿದಳು. "ಬಟ್ಟಲು ಇದೆ. ಒಲೆ ಇದೆ. ನಾನೆಲ್ಲಿ?"

"ಇಲ್ಲೇ ಇದೀಯಲ್ಲೇ."

"ಇದು ಹೊಗೆ." ಅವಳು ಗೋಡೆಗೆ ಒರಗಿ ಕೂತು ತಲೆವಸ್ತ್ರ ಸರಿಪಡಿಸಿಕೊಂಡಳು. "ಒಂದ್ಸಲ ಸರಿಯಾಗಿ ತೆಗಿ. ಅಲ್ಲಾಡಲ್ಲ."

ಜೊಲ್ದೋಷ ಕಿಟಕಿಯತ್ತ ನೋಡಿದ. ಅವನಿಗೆ ಬೇಕಿದ್ದ ಮಬ್ಬು ಬೆಳಕು ಅದೇ ಹೊತ್ತಿಗೆ ಬಂದಿತ್ತು. "ನಾಳೆ ತೆಗಿತೀನಿ. ಈಗ ಒಂಚೂರು ಬಾಗಿಲ ತನಕ ನಡಿ, ಜಾಣೆ."

ಅವಳು ಎದ್ದು ನಡೆದಳು. ಹನ್ನೆರಡನೆಯದೂ ಆಯಿತು.

ಮಾರನೆಯ ದಿನ ಅವನು ಕೂರಿಸಿದರೆ ಅವಳು ಕೂರಲಿಲ್ಲ. ಕ್ಯಾಮೆರಾ ಕಂಡು ಕಿರುಚಿ ಕಂಬಳಿಯೊಳಗೆ ಮುಖ ಹುದುಗಿಸಿದಳು. ಮತ್ತೆ ಆ ಕಣ್ಣು ತಿಳಿಯಾಗಲೇ ಇಲ್ಲ. ಫೆಬ್ರವರಿಯಲ್ಲಿ ತೀರಿಕೊಂಡಳು.

ನಲವತ್ತನೇ ದಿನದ ಊಟಕ್ಕೆ ಮಗಳು ಬೂರುಲ್ ದೂರದ ಓಷ್ ನಗರದಿಂದ ಬಂದಳು. ಸಮಾಧಿ ಕಲ್ಲಿನ ಮೇಲೆ ಮುಖ ಕೆತ್ತಿಸಬೇಕಿತ್ತು. ಕಲ್ಲು ಕೆತ್ತುವ ಎಸೆನ್ ಫೋಟೋಗಳನ್ನು ಒಂದೊಂದಾಗಿ ತಿರುವಿ ಹಾಕಿದ.

"ಅಣ್ಣಾ, ಮೂಗೆಲ್ಲಿದೆ? ಕಣ್ಣೆಲ್ಲಿದೆ? ನಾನೇನು ಕೆತ್ತಲಿ?"

ಜೊಲ್ದೋಷ ಪೆಟ್ಟಿಗೆಯ ತಳದಿಂದ ಮದುವೆಯ ಫೋಟೋ ತೆಗೆದುಕೊಟ್ಟ. ಅದಾದ ಮೇಲೆ ಅವಳನ್ನು ಕೂರಿಸಿ ತೆಗೆಯಲು ಅವನಿಗೆ ಪುರುಸೊತ್ತೇ ಆಗಿರಲಿಲ್ಲ. ಇಪ್ಪತ್ತರ ಹುಡುಗಿ, ತುಂಬು ಕೆನ್ನೆ.

"ಇದ್ಯಾರು?" ಅಂದಳು ಬೂರುಲ್. "ನಮ್ಮಮ್ಮನ ಮುಖ ನನಗೆ ಗೊತ್ತಿಲ್ವಾ? ಊರಿನ ನಾಯಿಗಳ ಫೋಟೋನೂ ನೆಟ್ಟಗೆ ತೆಗೆದಿದೀಯಲ್ಲಪ್ಪ. ಅಮ್ಮಂದು ಒಂದು ಆಗ್ಲಿಲ್ವಾ ನಿನ್ ಕೈಲಿ?"

ಅವನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಕೊನೆಗೆ ಕಲ್ಲಿನ ಮೇಲೆ ಹೆಸರು, ಎರಡು ಇಸವಿ, ಅಷ್ಟೇ ಬಂತು. ಅದರ ಮೇಲ್ಭಾಗ ಬೋಳಾಗಿ ಉಳಿಯಿತು. ಬೂರುಲ್ ಮತ್ತೆ ಬರಲಿಲ್ಲ.

ಪ್ರದರ್ಶನ ನಡೆಯಿತಂತೆ, ಪತ್ರಿಕೆಯಲ್ಲೂ ಬಂತಂತೆ. ಅವನು ಹೋಗಲಿಲ್ಲ. ಈಗ ಯಾರಾದರೂ ಪಾಸ್‌ಪೋರ್ಟ್ ಫೋಟೋಗೆಂದು ಬಂದು ಬಡಿದರೆ ಅವನು ಬಾಗಿಲೇ ತೆರೆಯುವುದಿಲ್ಲ. ನಾನೇ ಹೊರಗೆ ಬಂದು, ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಎಂದು ಹೇಳಿ ಕಳಿಸುತ್ತೇನೆ.