ಕೆಂಗೇರಿಗೆ ಒಂದು ಪೊಟ್ಟಣ ಅಂಜೂರ

ಶನಿವಾರ ಬೆಳಗ್ಗೆ ನಾನಿನ್ನೂ ಹಲ್ಲುಜ್ಜಿರ್ಲಿಲ್ಲ, ರಾಜಾಜಿನಗರದ ನಮ್ಮನೆ ಬಾಗಿಲಲ್ಲಿ ಸುಗುಣತ್ತೆ ಚಪ್ಪಲಿ ಕೂಡ ಬಿಚ್ಚದೆ ನಿಂತಿದ್ರು.

"ಹೊರಡೇ ಶೀಲಾ, ಕೆಂಗೇರಿಗೆ ಹೋಗ್ಬೇಕು. ಆನಂದನ ಕಾಲು ಹೋಗ್ತಾ ಇದೆ."

ಆನಂದ ಅಂದ್ರೆ ನನ್ನ ಚಿಕ್ಕಪ್ಪ, ಅಪ್ಪನ ಕೊನೇ ತಮ್ಮ. ಸುಗುಣತ್ತೆ ಇವರಿಬ್ಬರಿಗೂ ಅಕ್ಕ. ಎಂಬತ್ತರ ಹತ್ರ ವಯಸ್ಸು, ಅರ್ಧ ಆಯಸ್ಸು ಸಂಡೇ ಸ್ಕೂಲ್ ಟೀಚರ್ ಆಗಿದ್ದೋರು. ಚಿಕ್ಕಪ್ಪಂಗೆ ಶುಗರ್ ಇದೆ, ಕಾಲ್ಬೆರಳಿಗೆ ಗಾಯ ಆಗಿದೆ. ಆದ್ರೂ ಮಾತ್ರೆ ನಿಲ್ಲಿಸಿದಾರೆ, ಆಸ್ಪತ್ರೆ ಬೇಡ ಅಂತಾರೆ. ಚಿಕ್ಕಮ್ಮ ಅತ್ತೆಗೆ ಫೋನ್ ಮಾಡಿ ಅತ್ತಿದ್ರಂತೆ.

ಕಾರಣ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಚೀಟಿ ಇಟ್ಟಿರ್ತಾರೆ. ಒಂದೊಂದರಲ್ಲೂ ಒಂದು ವಚನ. ಕಣ್ಮುಚ್ಚಿ ಒಂದು ಎತ್ಕೋಬೇಕು, ಆ ವರ್ಷಕ್ಕೆ ಅದೇ ದೇವರ ಮಾತು. ಚಿಕ್ಕಪ್ಪಂಗೆ ಈ ಸಲ ಬಂದಿದ್ದು, ನಿನ್ನನ್ನ ವಾಸಿ ಮಾಡೋನು ನಾನೇ ಅನ್ನೋ ಅರ್ಥದ್ದು. ಅಷ್ಟೇ ಸಾಕಾಯ್ತು ನೋಡಿ. ದೇವರೇ ನೋಡ್ಕೋತಾನೆ, ಇನ್ನು ಮಾತ್ರೆ ನುಂಗಿದ್ರೆ ಅವನನ್ನ ನಂಬದೇ ಇದ್ದಂಗೆ ಅಂತ ಕೂತ್ಬಿಟ್ಟಿದಾರೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸೋಕೆ ಅತ್ತೆ ಮಂಡಿ ಒಪ್ಪಲ್ಲ. ವಿಜಯನಗರದವರೆಗೆ ಆಟೋ ಮಾಡಿದ್ವಿ, ನೂರಿಪ್ಪತ್ತು ರೂಪಾಯಿ. "ಹೆಂಗಸರಿಗೆ ಬಸ್ಸು ಫ್ರೀ ಇರೋವಾಗ ಇದೇನೇ ದುಂದು" ಅಂತ ದಾರಿಯುದ್ದಕ್ಕೂ ಗೊಣಗಿದ್ರು. ವಿಜಯನಗರ ಮಾರ್ಕೆಟ್ ಹತ್ರ ಆಟೋ ನಿಲ್ಲಿಸೋಕೆ ಹೇಳಿ, ಡ್ರೈ ಫ್ರೂಟ್ ಅಂಗಡಿಗೆ ನುಗ್ಗಿ ಕಾಲು ಕೇಜಿ ಒಣ ಅಂಜೂರ ಕಟ್ಟಿಸ್ಕೊಂಡ್ರು.

"ಅತ್ತೆ, ಶುಗರ್ ಇರೋರಿಗೆ ಅಂಜೂರಾನಾ?"

"ನೀನು ಬ್ಯಾಗ್ ಹಿಡ್ಕೊ, ಸಾಕು."

ಮೆಟ್ರೋದಲ್ಲಿ ಒಬ್ಬ ಹುಡುಗಿ ಎದ್ದು ಅತ್ತೆಗೆ ಸೀಟು ಕೊಟ್ಲು. ಮೈಸೂರು ರೋಡ್ ಹತ್ರ ಬರ್ತಿದ್ದಂಗೆ ಅತ್ತೆ ಕಿಟಕಿ ಕಡೆ ತಿರುಗಿ ಬಾಪೂಜಿ ನಗರದ ದಿಕ್ಕು ನೋಡಿದ್ರು. ಅಲ್ಲಿ ನಮ್ಮ ವಠಾರ ಇತ್ತು. ಈಗ ನೀರಿನ ಟ್ಯಾಂಕು, ಡಿಶ್ಶು ಬಿಟ್ರೆ ಏನೂ ಕಾಣಲ್ಲ. ಭಾನುವಾರ ಸಾಯಂಕಾಲ ಅತ್ತೆ ವಠಾರದ ಅಂಗಳದಲ್ಲಿ ಚಾಪೆ ಹಾಕಿ ಚಿಕ್ಕಪ್ಪ ಹುಡುಗ ಆಗಿದ್ದಾಗ ಅವರಿಗೆ, ಆಮೇಲೆ ನಮಗೆಲ್ಲಾ ಹಳೇ ಒಡಂಬಡಿಕೆ ಕಥೆ ಹೇಳೋರು. ಮರಳುಗಾಡಲ್ಲಿ ಜನಕ್ಕೆ ದಾರಿ ತೋರಿಸಿದ ಮೋಡ, ಹಿಜ್ಕೀಯ ರಾಜನಿಗೋಸ್ಕರ ಹಿಂದಕ್ಕೆ ಸರಿದ ನೆರಳು. ಆ ನೆರಳಿನ ಕಥೆ ಕೇಳಿ, ನಲ್ಲಿ ಕಂಬದ ನೆರಳು ಹಿಂದಕ್ಕೆ ಹೋಗುತ್ತಾ ಅಂತ ನಾವು ಹೊಟ್ಟೆ ಚುರುಗುಟ್ಟೋವರೆಗೂ ಕಾದಿದ್ವಿ. ಗಲಾಟೆ ಮಾಡಿದ್ರೆ ಕಿವಿ ಹಿಂಡೋರು, ಆಮೇಲೆ ಅವರೇ ಮುಖ ತೊಳೆಸಿ ತಲೆ ಬಾಚೋರು. ಆ ಕೊಬ್ಬರಿ ಎಣ್ಣೆ ವಾಸನೆ ಮೆಟ್ರೋ ಏಸಿಯಲ್ಲೂ ಬಂದಂಗಾಯ್ತು ನಂಗೆ.

"ಪಕ್ಕದ್ಮನೆ ಮಕ್ಕಳ ಕಿವಿ ನೀವು ಯಾವತ್ತೂ ಹಿಂಡ್ಲಿಲ್ಲ ಅತ್ತೆ. ಬರೀ ನಮ್ದೇ."

"ಅವರು ನನ್ನ ಮಕ್ಕಳಾ? ತಿದ್ದೋದು ನಮ್ಮವ್ರನ್ನ ಕಣೇ. ದೇವರೂ ಹಂಗೇನೇ."

ಕೆಂಗೇರಿಯಲ್ಲಿ ಇಳಿದಾಗ ಬಿಸಿಲು ಸುಡ್ತಿತ್ತು. ಚಿಕ್ಕಪ್ಪನ ಮನೆ ಬಾಗಿಲು ತೆಗೀತಿದ್ದಂಗೆ ಗಾಯದ ವಾಸನೆ ಬಂತು, ಸುತ್ತಿ ಬಳಸಿ ಹೇಳಲ್ಲ. ಅವರು ಕುರ್ಚಿ ಮೇಲೆ ಕೂತಿದ್ರು, ಕಾಲಿಗೆ ಹಳೇ ಪಂಚೆ ಸುತ್ತಿತ್ತು.

"ಡಾಕ್ಟ್ರ ಹತ್ರ ಹೋಗ್ಬೇಡ ಅಂತ ದೇವರು ಅಂದ್ನೇನೋ?" ಅತ್ತೆ ನಿಂತ್ಕೊಂಡೇ ಶುರು ಮಾಡಿದ್ರು.

"ವಾಸಿ ಮಾಡ್ತೀನಿ ಅಂದಿದಾನಲ್ಲಕ್ಕ. ಅವನ ಮಾತು ನಂಬು ಅಂತ ಕಲಿಸಿದ್ದು ನೀನೇ ತಾನೇ?"

ಅತ್ತೆ ತಟಕ್ಕನೆ ಕೂತ್ಬಿಟ್ರು. ಚಿಕ್ಕಮ್ಮ ಕೊಟ್ಟ ನೀರು ಕುಡಿದು, ಅಂಜೂರದ ಪೊಟ್ಟಣ ಬಿಚ್ಚಿ ಚಿಕ್ಕಪ್ಪನ ಮುಂದೆ ಇಟ್ರು.

"ಇದೇನಕ್ಕ, ನನ್ನ ಸಾಯಿಸ್ಬೇಕು ಅಂತ ಬಂದಿದೀಯಾ?"

"ತಿನ್ನೋಕಲ್ಲ. ಹಿಜ್ಕೀಯನ ಕಥೆ ಹೇಳು."

ಅರವತ್ತು ದಾಟಿದ ಮನುಷ್ಯ ಸ್ಕೂಲ್ ಹುಡುಗನ ಥರ ಒಪ್ಪಿಸಿದ್ರು. "ರಾಜ. ಸಾಯೋ ಹಂಗಾದ. ಪ್ರಾರ್ಥನೆ ಮಾಡಿ ಅತ್ತ. ವಾಸಿ ಮಾಡ್ತೀನಿ ಅಂತ ದೇವರು ಮಾತು ಕೊಟ್ಟ. ಗುರುತಿಗೆ ನೆರಳು ಹಿಂದಕ್ಕೆ ಹೋಯ್ತು. ಮುಗೀತು."

"ಮುಗೀಲಿಲ್ಲ ಕಣೋ. ದೇವರು ಮಾತು ಕೊಟ್ಟಿದ್ರೂ ಪ್ರವಾದಿ ಏನಂದ ಗೊತ್ತಾ? ಅಂಜೂರ ತಂದು ಹುಣ್ಣಿಗೆ ಪಟ್ಟು ಹಾಕಿ ಅಂದ. ಆ ಕಾಲದ ಔಷಧಿ ಅದು. ವಾಸಿ ಮಾಡೋ ದೇವರೇ ಔಷಧಿನೂ ಹಚ್ಚಿಸ್ದ."

"ಇದನ್ನ ನೀನು ಹೇಳೇ ಇರ್ಲಿಲ್ಲ."

"ಹೇಳಿರ್ಲಿಲ್ಲ. ನೆರಳಿನ ಕಥೆ ಅಂದ್ರೆ ಬಾಯಿ ಬಿಟ್ಕೊಂಡು ಕೇಳ್ತಿದ್ರಿ, ಅಲ್ಲಿಗೇ ನಿಲ್ಲಿಸ್ತಿದ್ದೆ. ಅರ್ಧಕ್ಕೆ ಬಿಟ್ಟಿದ್ದು ನಾನು. ಈಗ ಮುಗಿಸೋಕೆ ಬಂದಿದೀನಿ."

ಚಿಕ್ಕಪ್ಪ ಒಂದು ಅಂಜೂರ ಕೈಗೆತ್ಕೊಂಡು ತಿರುಗಿಸಿ ನೋಡಿದ್ರು. ಆಮೇಲೆ ದನಿ ಒಡೀತು. "ಭಯ ಆಗ್ತಿದೆ ಅಕ್ಕ. ವಾಸಿನೂ ಆಗ್ತಿಲ್ಲ. ದೇವರಿಗೆ ನನ್ನ ಮೇಲೆ ಸಿಟ್ಟೇನೋ."

"ಸಿಟ್ಟಿದ್ದಿದ್ರೆ ಸುಮ್ನೆ ಬಿಟ್ಬಿಡ್ತಿದ್ದ. ಈ ಮಂಡಿ ಇಟ್ಕೊಂಡು ನನ್ನನ್ನ ಇಲ್ಲೀವರೆಗೂ ಕಳಿಸ್ತಿದ್ನಾ? ಏಳು."

ಎದ್ರು. ಒಂದು ಕಡೆ ನಾನು, ಇನ್ನೊಂದು ಕಡೆ ಚಿಕ್ಕಮ್ಮ ಹಿಡ್ಕೊಂಡು ಆಟೋ ಹತ್ತಿಸಿದ್ವಿ. ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟ್ರು ಬಟ್ಟೆ ಬಿಚ್ಚಿ ನೋಡಿ ನಮಗೆಲ್ಲಾ ಸರಿಯಾಗಿ ಬೈದ್ರು. "ಬೆರಳು ಉಳಿಯೋದು ಡೌಟು. ಕಾಲು ಉಳಿಸಬಹುದು. ಇನ್ನೂ ತಡ ಮಾಡಿದ್ರೆ ಅದೂ ಕಷ್ಟ ಆಗ್ತಿತ್ತು" ಅಂದು ಅಡ್ಮಿಟ್ ಮಾಡ್ಕೊಂಡ್ರು. ಚಿಕ್ಕಮ್ಮ ಅಲ್ಲೇ ಗೋಡೆಗೆ ಒರಗಿ ಕಣ್ಣೊರೆಸ್ಕೊಂಡ್ರು.

ಸಾಯಂಕಾಲ ನಾನು ಹೊರಟೆ. ಅತ್ತೆ ಬರಲ್ಲ ಅಂದ್ರು, ಎರಡು ಸೀರೆ ತಂದ್ಕೊಡು ಅಂದ್ರು. ಕಾಲು ಎತ್ತರದಲ್ಲಿ ಇಡಿ ಅಂತ ಹೇಳಿ ದಿಂಬು ತರೋಕೆ ಹೋದ ನರ್ಸು ಇನ್ನೂ ಬಂದಿರ್ಲಿಲ್ಲ. ಬಾಗಿಲ ಹತ್ರ ನಿಂತು ತಿರುಗಿ ನೋಡಿದೆ. ಅತ್ತೆ ಮಂಚದ ತುದಿಯಲ್ಲಿ ಕೂತು, ಬ್ಯಾಂಡೇಜ್ ಸುತ್ತಿದ ಆ ಕಾಲನ್ನ ಎತ್ತಿ ತಮ್ಮ ತೊಡೆ ಮೇಲೆ ಇಟ್ಕೊಂಡಿದ್ರು.

"ಅಯ್ಯೋ ಬೇಡ ಅಕ್ಕ, ದೊಡ್ಡೋಳು ನೀನು, ನಿನಗೆ ಕಾಲು ತಾಗಿಸಬಾರದು."

"ಸುಮ್ನೆ ಇಡೋ."

ಚಿಕ್ಕಪ್ಪ ಕಣ್ಣು ಮುಚ್ಕೊಂಡ್ರು. ಕಾಲು ಎಳ್ಕೊಳ್ಳಲಿಲ್ಲ.