ಉಕ್ಕಿನ ಹಾಳೆಗೆ ಕಿವಿಗೊಡುವ ಉಡಚವ್ವ

ವರದಾ ನದಿಯ ದಂಡೆಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಮುಗಿಯುತ್ತ ಬಂದ ಉಕ್ಕಿನ ದೋಣಿಗೆ ಕಿವಿ ಹಚ್ಚಿ ಉಡಚವ್ವ ಕೂತಿದ್ದಾಳೆ. ಪಕ್ಕದಲ್ಲಿ ಗಂಡ ಭರಮಪ್ಪ ಸುತ್ತಿಗೆಯಿಂದ ಹಾಳೆ ಬಡಿಯುತ್ತಾನೆ. ದಬ್, ದಬ್. ಒಂದು ಕಡೆ ಮಾತ್ರ ಟಣ್ ಎನ್ನುತ್ತದೆ. ಅವಳು ಕೈ ಎತ್ತುತ್ತಾಳೆ, ಅವನು ಅಲ್ಲಿ ಸುಣ್ಣದ ಗೆರೆ ಎಳೆಯುತ್ತಾನೆ.

"ಹಾಳಿ ಒಳಗಿನ ಎಲುಬಿಗೆ ಗಟ್ಟಿ ಕುಂತಿದ್ರ ದಬ್ ಅಂತೈತ್ರಿ. ಸಂದಿದ್ರ ಟಣ್ ಅಂತೈತಿ," ಎನ್ನುತ್ತಾಳೆ. ಎಲುಬೆಂದರೆ ದೋಣಿಗೆ ಆಕಾರ ಕೊಡುವ ಬಾಗಿದ ಕಬ್ಬಿಣದ ಪಟ್ಟಿಗಳು.

ಭರಮಪ್ಪನಿಗೆ ಈ ವ್ಯತ್ಯಾಸ ಕೇಳಿಸದು. ಮದುವೆಯಾದ ಹೊಸದರಲ್ಲಿ ಗೋವೆಗೆ ಹೋಗಿ, ಅದಿರು ಸಾಗಿಸುವ ಬಾರ್ಜುಗಳ ಒಡಲು ಕಟ್ಟಲು ಕಲಿತ. ಆ ಒಡಲೊಳಗೆ ಬಡಿದೂ ಬಡಿದೂ ಕಿವಿ ಹೋಯಿತು. 1979ರಲ್ಲಿ ಊರಿಗೆ ಮರಳಿ ಅಕ್ಕಿಆಲೂರಿನ ರೈಸ್ ಮಿಲ್ಲಿನ ಹಂಡೆ, ಹಿರೇಕೆರೂರು ಕಡೆಯ ಬೆಲ್ಲದ ಕೊಪ್ಪರಿಗೆ ರಿಪೇರಿಗೆ ನಿಂತ. ಕುಲುಮೆಯ ತಿದಿ ಒತ್ತುತ್ತ ಕೂತ ಉಡಚವ್ವ ಅವನ ಕಿವಿಯಾದಳು.

ಹೋದ ಮಳೆಗಾಲ ಊರಿನ ಮರದ ದೋಣಿ ನಡುಹೊಳೆಯಲ್ಲಿ ಬಿಚ್ಚಿಕೊಂಡಿತು. ಜನ ಹೇಗೋ ಈಸಿ ಬದುಕಿದರು. ಈ ಸಲ ಉಕ್ಕಿನದೇ ಆಗಲಿ ಎಂದು ಊರವರು ಭರಮಪ್ಪನನ್ನು ಕರೆದರು.

ಚಪ್ಪಟೆ ಹಾಳೆ ದೋಣಿಯ ಮುಂತುದಿಯ ಮೂತಿಯಂತೆ ಬಾಗುವುದು ಹೇಗೆ? "ಬರೇ ಬಡದ್ರ ಬಗ್ಗೂದಿಲ್ರಿ, ಮುನಿಸ್ಕೋತೈತಿ," ಎಂದು ಉಡಚವ್ವ ನಗುತ್ತಾಳೆ. ಹಾಳೆಯ ಒಂದು ಗೆರೆಯನ್ನಷ್ಟೇ ಕೆಂಪಗೆ ಕಾಯಿಸುತ್ತಾರೆ. ಅವಳು ಕೊಡದಿಂದ ನೀರು ಸುರಿಯುತ್ತಾಳೆ. ಆರುತ್ತ ಕುಗ್ಗುವ ಗೆರೆ ಇಡೀ ಹಾಳೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಇಂಥ ಗೆರೆ ಒಂದರ ಪಕ್ಕ ಒಂದು ಬಿದ್ದಂತೆ ಉಕ್ಕು ಮೆಲ್ಲಗೆ ಬಾಗುತ್ತದೆ.

ಹೋದ ವಾರ ಇಬ್ಬರಿಗೂ ಜಗಳವಾಗಿತ್ತು. ಹೊಳೆ ಏರುತ್ತಿತ್ತು, ಅಂಬಿಗ ಕುಬೇರಪ್ಪ ಅವಸರ ಮಾಡುತ್ತಿದ್ದ. ಮೂತಿಯ ಹಾಳೆ ಇನ್ನೂ ಟಣ್ ಅನ್ನುತ್ತಿದೆ ಎಂದು ಉಡಚವ್ವ ತಡೆದಳು.

"ಸಂದಿಗೆ ಡಾಂಬರ ತುಂಬಿದ್ರ ಆತು, ಬಿಡ," ಎಂದು ಭರಮಪ್ಪ ಸಿಡುಕಿದ.

ಅವಳು ಅವನ ಅಂಗೈಯನ್ನು ಹಾಳೆಯ ಮೇಲೆ ಒತ್ತಿ ಹಿಡಿದು, ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದಳು. ಎಲುಬಿಗೆ ಕೂರದ ಉಕ್ಕು ಅವನ ಕೈಯಡಿ ನಡುಗಿತು. ಅವನು ಹಾಳೆಯ ತಾತ್ಕಾಲಿಕ ಬೋಲ್ಟು ಬಿಚ್ಚತೊಡಗಿದ. ಹಾಳೆ ಮತ್ತೆ ಬೆಂಕಿ ಕಂಡಿತು.

ಇಂದು ಸುಣ್ಣದ ಕೊನೆಯ ಗುರುತೂ ಸರಿಹೋಗಿ, ಬೋಲ್ಟುಗಳ ಜಾಗದಲ್ಲಿ ಕೊನೆಯ ರಿವೆಟ್ ಮೊಳೆ ಬಿದ್ದಿದೆ. ಮಧ್ಯಾಹ್ನ ಊರವರೆಲ್ಲ ಕೈಹಚ್ಚಿ ದೋಣಿಯನ್ನು ನೀರಿಗೆ ನೂಕುತ್ತಾರೆ. ಕುಬೇರಪ್ಪ ಆಚೆ ದಂಡೆ ಮುಟ್ಟಿ ತಿರುಗಿ ಬರುತ್ತಾನೆ. ಉಡಚವ್ವ ಒಳಗಿಳಿದು ಮೂತಿಯ ಹಾಳೆಗಳು ಕೂಡುವ ಗೆರೆಯ ಉದ್ದಕ್ಕೂ ಬೆರಳಾಡಿಸುತ್ತಾಳೆ. ಎಲ್ಲೂ ಪಸೆಯಿಲ್ಲ.

ದಂಡೆಯಲ್ಲಿ ಜನ ಭರಮಪ್ಪನ ಬೆನ್ನು ತಟ್ಟುತ್ತಿದ್ದಾರೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ.

"ಎಲ್ಲಾರೂ ಭರಮಪ್ಪನ ದ್ವಾಣಿ ಅಂತಾರ್ರಿ. ಅನ್ಲಿ. ಮೂತಿ ಮಾತ್ರ ನಂದು."